ಎಕ್ಸ್‌ಪಿ ಇದೆ, ಲೆವೆಲ್ ಇಲ್ಲ: 86ನೇ ಪುಟದ ಲೆಕ್ಕ ನನ್ನ ಟೇಬಲ್‌ನಲ್ಲಿ ಬಗೆಹರಿದದ್ದು

ಅಡ್ವಾನ್ಸ್ಡ್ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಡಂಜನ್ ಎಂಬ ನೆಲಮಾಳಿಗೆಗಳಲ್ಲಿ ನಿಧಿ ಹುಡುಕುವ ಪಾತ್ರಗಳನ್ನು ಟೇಬಲ್ ಸುತ್ತ ಕೂತು ಆಡುವ ಆಟ) ಮೊದಲ ಆವೃತ್ತಿಯ ತರಬೇತಿ ನಿಯಮವನ್ನು ಪುಸ್ತಕದಲ್ಲಿ ಇರುವ ಹಾಗೆಯೇ ಇಟ್ಟುಕೊಂಡು ಕ್ಯಾಂಪೇನ್ (ವಾರ ವಾರ ಮುಂದುವರಿಯುವ ಆಟ) ನಡೆಸಲು ಆಗುವುದಿಲ್ಲ ಎಂದು ಬೆಂಗಳೂರಿನಲ್ಲಿ ನನಗೆ ಪರಿಚಯವಿರುವ ಡಿಎಂಗಳೆಲ್ಲ (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವರು) ಹೇಳಿದ್ದರು. ಎರಡು ವರ್ಷದ ಮೇಲಾಯಿತು, ನಮ್ಮ ಟೇಬಲ್ ಅದೇ ನಿಯಮದ ಮೇಲೆ ನಡೆಯುತ್ತಿದೆ. ಯಾರೂ ಬಿಟ್ಟು ಹೋಗಿಲ್ಲ, ಹೊಸಬರು ಸೇರಿದ್ದಾರೆ. ಬೇಡ ಎಂದವರಲ್ಲೇ ಕೆಲವರು ಈಗ ನನ್ನ ಲೆಕ್ಕದ ಹಾಳೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಆಟವನ್ನು ರೂಪಿಸಿದವರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1979ರಲ್ಲಿ ಬರೆದ ಡಂಜನ್ ಮಾಸ್ಟರ್ಸ್ ಗೈಡ್‌ನ 86ನೇ ಪುಟದಲ್ಲಿ ಈ ನಿಯಮ ಇದೆ, ಜಗಳದ ಜಾಗವನ್ನಷ್ಟೇ ಹೇಳುತ್ತೇನೆ. ಪಾತ್ರವೊಂದಕ್ಕೆ ಲೆವೆಲ್ (ಮುಂದಿನ ಮೆಟ್ಟಿಲು) ಏರುವಷ್ಟು ಎಕ್ಸ್‌ಪಿ (ಆಟದಲ್ಲಿ ಗಳಿಸುವ ಅನುಭವದ ಪಾಯಿಂಟ್) ಸೇರಿದ ಮೇಲೆ, ತರಬೇತಿ ಮುಗಿಸಿ ಆ ಲೆವೆಲ್ ಪಡೆಯುವ ತನಕ ಮುಂದೆ ಒಂದು ಪಾಯಿಂಟೂ ಸೇರುವುದಿಲ್ಲ ಎನ್ನುತ್ತದೆ ಪುಸ್ತಕ. ಒಮ್ಮೆಗೇ ಎರಡು ಲೆವೆಲ್ ದಾಟುವಷ್ಟು ಬಂದರೆ ಒಂದೇ ಲೆವೆಲ್ ಏರಿ, ಅದರ ಮುಂದಿನದಕ್ಕೆ ಒಂದು ಪಾಯಿಂಟ್ ಕಡಿಮೆ ಇರುವಲ್ಲಿ ನಿಲ್ಲಬೇಕು ಎಂಬ ಮಿತಿಯೂ ಅದರ ಜೊತೆಗೆ ನಮ್ಮಲ್ಲಿ ನಡೆಯುತ್ತಿತ್ತು. ಮೊದಲನೆಯದನ್ನು ಬಿಗಿಯಾಗಿ ಹಿಡಿದರೆ ಎರಡನೆಯದಕ್ಕೆ ಕೆಲಸವೇ ಇಲ್ಲ. ಎರಡನೆಯದನ್ನು ಸಡಿಲವಾಗಿ ಓದಿದರೆ ಮೊದಲನೆಯದು ಸತ್ತುಹೋಗುತ್ತದೆ.

ಇದರ ಮೇಲೆ ಫೀಸು. ಈಗಿನ ಲೆವೆಲ್ಲನ್ನು 1500ರಿಂದ ಗುಣಿಸಿದಷ್ಟು ಜಿಪಿ (ಆಟದ ಚಿನ್ನದ ನಾಣ್ಯ), ಅದೂ ಪ್ರತಿ ವಾರಕ್ಕೆ. ಎಷ್ಟು ವಾರ ಎಂಬುದು ಡಿಎಂ ಕೊಟ್ಟ ರೇಟಿಂಗ್‌ಗಳ ಸರಾಸರಿ: ತುಂಬ ಚೆನ್ನಾಗಿ ಆಡಿದವನಿಗೆ 1, ತೀರಾ ಕಳಪೆಗೆ 4. ಪಾತ್ರಗಳಿಗೆ ಥೀಫ್ (ಕಳ್ಳ), ಫೈಟರ್ (ಯೋಧ), ಮ್ಯಾಜಿಕ್-ಯೂಸರ್ (ಮಾಂತ್ರಿಕ) ಎಂಬಂಥ ಕ್ಲಾಸ್‌ಗಳಿರುತ್ತವೆ, ಥೀಫ್‌ಗೆ ಎರಡನೇ ಲೆವೆಲ್ 1251 ಎಕ್ಸ್‌ಪಿಗೇ ಬರುತ್ತದೆ. ಒಂದು ಜಿಪಿಗೆ ಒಂದು ಎಕ್ಸ್‌ಪಿ ಆದ್ದರಿಂದ, ಮಾನ್ಸ್ಟರ್ ಹೊಡೆದ ಪಾಯಿಂಟ್ ಕಳೆದರೆ ಅವನ ಕೈಯಲ್ಲಿ ಸಾವಿರದ ನೂರರ ಆಸುಪಾಸು ಜಿಪಿ ಇರುತ್ತದೆ. ಫೀಸು ಕನಿಷ್ಠ 1500! ಫೈಟರ್ 2001ಕ್ಕೆ ಹೇಗೋ ಒಂದು ವಾರದ ಹಣ ಕಟ್ಟುತ್ತಾನೆ. ಮ್ಯಾಜಿಕ್-ಯೂಸರ್‌ಗೆ 2501 ಬೇಕು, ಅವನಿಗೂ ತೊಂದರೆಯಿಲ್ಲ. ಎಲ್ಲರಿಗಿಂತ ಬೇಗ ಏರಬೇಕಾದ ಥೀಫೇ ಬಾಗಿಲಲ್ಲಿ ನಿಂತುಬಿಡುತ್ತಾನೆ. ನಮ್ಮ ಥೀಫ್ ಆಟಗಾರ ಒಂದು ಭಾನುವಾರ ಪೆನ್ಸಿಲ್ ಕೆಳಗಿಟ್ಟು, "ಗುರು, ಪಾಯಿಂಟ್ ಇದೆ, ದುಡ್ಡಿಲ್ಲ. ಇನ್ನು ನಾನು ಡಂಜನ್‌ಗೆ ಬರೋದು ಯಾತಕ್ಕೆ?" ಅಂದ. ನ್ಯಾಯವಾದ ಪ್ರಶ್ನೆ.

ಎಲ್ಲರೂ ಹೇಳಿದ ದಾರಿಗಳನ್ನು ಒಂದೊಂದಾಗಿ ನೋಡಿದೆವು. ತರಬೇತಿಯನ್ನೇ ಕೈಬಿಟ್ಟಾಗ ನಾಲ್ಕನೇ ಲೆವೆಲ್ ಹೊತ್ತಿಗೆ ಫೈಟರ್ ಹತ್ತಿರ ಏಳು ಸಾವಿರ ಜಿಪಿ ಸೇರಿತು, ಖರ್ಚಿಗೆ ಜಾಗವಿಲ್ಲ. ನಿಧಿ ಸಿಕ್ಕರೂ ಯಾರ ಮುಖವೂ ಅರಳದ ಸ್ಥಿತಿ. ಫೀಸನ್ನು ವಾರಕ್ಕೆ ನೂರು ಜಿಪಿಗೆ ಇಳಿಸಿದಾಗಲೂ ಅದೇ ಕಥೆ, ಸ್ವಲ್ಪ ನಿಧಾನವಾಗಿ. ಕಳ್ಳರ ಗಿಲ್ಡ್‌ನಿಂದ ಸಾಲ ಕೊಡಿಸಿದ ಪ್ರಯೋಗ ಕೇಳುವುದಕ್ಕೆ ಚೆಂದ. ಆದರೆ ಮೂರು ಗಂಟೆಯ ಸೆಷನ್‌ನಲ್ಲಿ ಒಂದು ಗಂಟೆ ಬಡ್ಡಿಯ ಚೌಕಾಸಿಗೇ ಹೋಗತೊಡಗಿತು. ಎರಡನೇ ಆವೃತ್ತಿ 1989ರಲ್ಲಿ ತರಬೇತಿಯನ್ನು ಐಚ್ಛಿಕ ಮಾಡಿತು ಎಂಬ ವಾದ ಮುಂದಿಟ್ಟವರೂ ಇದ್ದರು. ಅದು ಬೇರೆ ಆಟ. ಚಿನ್ನಕ್ಕೆ ಎಕ್ಸ್‌ಪಿ ಕೊಡುವುದನ್ನೂ ಅಲ್ಲಿ ಐಚ್ಛಿಕ ಮಾಡಿದ್ದಾರೆ, ಹಾಗಾಗಿ ಈ ಲೆಕ್ಕಕ್ಕೆ ಅದು ಸಾಕ್ಷಿಯಾಗುವುದಿಲ್ಲ.

ಇಷ್ಟರಲ್ಲಿ ನನ್ನ ಕೈಯಿಂದ ಹೋದ ನಿಜವಾದ ದುಡ್ಡೂ ಕಡಿಮೆಯದಲ್ಲ. ಪುಸ್ತಕದ ಗಟ್ಟಿ ಪ್ರತಿಯನ್ನು ಹೊರದೇಶದಿಂದ ತರಿಸಿದ್ದಕ್ಕೆ ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ ಆರು ಸಾವಿರ ರೂಪಾಯಿ ಹತ್ತಿರ. ಕೆಫೆಯಲ್ಲಿ ಟೇಬಲ್‌ಗೆ ತಲೆಗೆ ಇನ್ನೂರು, ಇನ್ನೂರೈವತ್ತು. ಜೆರಾಕ್ಸ್, ಸ್ಪೈರಲ್ ಬೈಂಡಿಂಗ್ ಲೆಕ್ಕ ಇಟ್ಟಿಲ್ಲ. ಇಷ್ಟು ಖರ್ಚು ಮಾಡಿದವನು ನಿಯಮವನ್ನು ಕಸದಬುಟ್ಟಿಗೆ ಹಾಕುವ ಮೊದಲು ಅದನ್ನು ಪೂರ್ತಿ ಓದುತ್ತಾನೆ.

ನಾನು ಮಾಡಿದ್ದು ಇಷ್ಟೇ. ಹಳೆಯ ಸೆಷನ್‌ಗಳ ನೋಟ್ಸ್ ತೆಗೆದು, ಅಂಗಡಿಯ ಉದ್ದ ಖಾತೆ ಪುಸ್ತಕವೊಂದರಲ್ಲಿ ಪ್ರತಿ ಪಾತ್ರಕ್ಕೂ ಅಕ್ಕಪಕ್ಕ ಕಾಲಂ ಎಳೆದೆ. ನಿಯಮವನ್ನು ಅರ್ಥ ಮಾಡಿಕೊಳ್ಳುವ ಒಂದೊಂದು ಓದಿಗೆ ಒಂದು ಕಾಲಂ. ಆಗಲೇ ಆಡಿ ಮುಗಿಸಿದ ಆಟವನ್ನು ಪ್ರತಿ ಓದಿನ ಪ್ರಕಾರ ಮತ್ತೆ ಲೆಕ್ಕ ಹಾಕಿದೆ. "ಮಾತಾಡಿ ತೀರ್ಮಾನ ಮಾಡೋ ವಿಷಯಕ್ಕೆ ಖಾತೆ ಬರೀತಾ ಕೂತಿದ್ದೀಯಲ್ಲ" ಎಂದರು ಕೆಲವರು. ಮಾತಾಡಿ ತಿಂಗಳುಗಟ್ಟಲೆ ಬಗೆಹರಿಯದ್ದು ಖಾತೆಯಲ್ಲಿ ವಾರದೊಳಗೆ ಬಗೆಹರಿಯಿತು.

ಎರಡು ಕಾಲಂಗಳು ಎಲ್ಲಿ ಬೇರೆಯಾಗುತ್ತವೆ ಎಂದು ಬೆರಳಿಟ್ಟು ನೋಡಿದರೆ, ಪ್ರತಿ ಸಲವೂ ಅದು ಪಾಯಿಂಟ್ ಕೊಡುವ ಹೊತ್ತೇ. ನಾವು ಕೋಣೆ ಕೋಣೆಗೂ ಎಕ್ಸ್‌ಪಿ ಬರೆದುಕೊಳ್ಳುತ್ತಿದ್ದೆವು. ಹಿಂದಿನ ಪುಟ ತಿರುಗಿಸಿ, 85ನೇ ಪುಟ: ನಿಧಿಯನ್ನು ಡಂಜನ್‌ನಿಂದ ನಿಜವಾಗಿ ಹೊರಗೆ ತಂದ ಮೇಲೆಯೇ ಅದಕ್ಕೆ ಎಕ್ಸ್‌ಪಿ. ಅಂದರೆ ಒಂದು ದಂಡಯಾತ್ರೆಗೆ (ಒಮ್ಮೆ ಡಂಜನ್‌ಗೆ ಹೋಗಿ ಬರುವುದಕ್ಕೆ) ಒಂದೇ ಲೆಕ್ಕ, ಅದೂ ಊರಿಗೆ ಮರಳಿದ ಮೇಲೆ. ಹೀಗೆ ಓದಿದರೆ ಎರಡು ವಾಕ್ಯಗಳೂ ಬದುಕುತ್ತವೆ. "ಒಂದು ಪಾಯಿಂಟ್ ಕಡಿಮೆ" ಎಂಬ ಮಿತಿ ಆ ಒಂದು ಲೆಕ್ಕದ ಒಳಗಿನದು. "ಮುಂದೆ ಸೇರುವುದಿಲ್ಲ" ಎಂಬ ತಡೆ ಆ ಲೆಕ್ಕ ಮುಗಿದ ಮೇಲಿನದು.

ನಮ್ಮ ಥೀಫನ್ನೇ ತೆಗೆದುಕೊಳ್ಳಿ. ಅವನದು 1100 ಎಕ್ಸ್‌ಪಿ, ಪಾಲಿಗೆ ಬಂದದ್ದು 2000 ಜಿಪಿ. ಮೊತ್ತ 3100. ಮೂರನೇ ಲೆವೆಲ್ 2501ಕ್ಕೆ, ಆದ್ದರಿಂದ 2500ಕ್ಕೆ ನಿಲ್ಲುತ್ತಾನೆ. ಆರುನೂರು ಪಾಯಿಂಟ್ ಹೋಯಿತು, ಆದರೆ ಜಿಪಿ ಎಲ್ಲೂ ಹೋಗಲಿಲ್ಲ! ಹಳೆಯ ಉಳಿತಾಯದ ಜೊತೆಗೆ ಆ ಎರಡು ಸಾವಿರವೂ ಚೀಲದಲ್ಲಿದೆ, ಒಂದು ವಾರದ ಫೀಸು ಕಟ್ಟಿ ಇನ್ನೂ ಮಿಗುತ್ತದೆ. ಅದೇ ಹಣವನ್ನು ಚಿಲ್ಲರೆ ಚಿಲ್ಲರೆಯಾಗಿ ತಂದಿದ್ದರೆ 1251ಕ್ಕೇ ಬಾಗಿಲು ಮುಚ್ಚುತ್ತಿತ್ತು.

ಇದನ್ನು ಟೇಬಲ್‌ನಲ್ಲಿ ಓದಿ ಹೇಳಿದ ದಿನದಿಂದ ಆಟ ಬದಲಾಯಿತು. ಎರಡು ಕೋಣೆ ನೋಡಿ ಊರಿಗೆ ಓಡುತ್ತಿದ್ದವರು ಈಗ ಒಳಗೇ ಉಳಿಯುತ್ತಾರೆ, ಹೇಸರಗತ್ತೆ ಕೊಳ್ಳುತ್ತಾರೆ, ಕೂಲಿಯಾಳು ಇಟ್ಟುಕೊಳ್ಳುತ್ತಾರೆ. ಥೀಫ್‌ಗೆ ಕಡಿಮೆ ಬಿದ್ದಾಗ ಪಾರ್ಟಿಯವರೇ ಸಾಮಾನ್ಯ ನಿಧಿಯಿಂದ ಕೊಡುತ್ತಾರೆ, ಬಡ್ಡಿಯ ಮಾತೇ ಇಲ್ಲ. ಮೂರನೇ ಲೆವೆಲ್ ಫೈಟರ್ ವಾರಕ್ಕೆ 4500 ಕಟ್ಟುವಾಗ ಅವನ ಮುಖದಲ್ಲಿ ಕಾಣುವ ಸಂಕಟ ಈ ನಿಯಮದ ನಿಜವಾದ ಫಲ. ಖರ್ಚಿದ್ದರೇ ನಿಧಿಗೆ ಬೆಲೆ.

ರೇಟಿಂಗ್ ವಿಷಯ ಚುಟುಕಾಗಿ ಹೇಳುತ್ತೇನೆ. ಆಟಗಾರನಿಗೆ ಎದುರೇ "ನಿನ್ನದು 3" ಎಂದರೆ ಮನಸ್ತಾಪ ಖಂಡಿತ. ನಮ್ಮಲ್ಲಿ ಅದಕ್ಕೊಂದು ಚೀಟಿಯ ಪದ್ಧತಿ ಇದೆ, ಜಗಳ ಪೂರ್ತಿ ನಿಂತಿದೆ. ಅದನ್ನು ನನ್ನ ಟೇಬಲ್‌ಗೆ ಬಂದು ನೋಡಿ, ಇಲ್ಲಿ ಬರೆಯುವುದಿಲ್ಲ. ಒಂದು ದಂಡಯಾತ್ರೆಗೆ ಎಷ್ಟು ನಿಧಿ ಇಡಬೇಕು ಎಂಬ ನನ್ನ ಪಟ್ಟಿಯೂ ಹಾಗೆಯೇ. ಅರ್ಧ ವಾರ ಬಂದರೆ ದಿನಕ್ಕೆ ಇಳಿಸಿ ಲೆಕ್ಕ ಹಾಕುತ್ತೇವೆ, ಅಷ್ಟು ಹೇಳಬಲ್ಲೆ.

ಖಾತೆ ಪುಸ್ತಕದ ರುಚಿ ಹತ್ತಿದ ಮೇಲೆ 1974ರ ಮೂಲ ಡಿ ಅಂಡ್ ಡಿಯನ್ನೂ ಅದರಲ್ಲಿ ಹಾಕಿ ನೋಡಿದೆ. ಅಲ್ಲಿ ಎಂಟನೇ ಲೆವೆಲ್‌ನವನು ಡಂಜನ್‌ನ ಐದನೇ ಅಂತಸ್ತಿನಲ್ಲಿ ಆಡಿದರೆ ಐದು-ಎಂಟಾಂಶ (5/8) ಎಕ್ಸ್‌ಪಿ. ಆದರೆ ಅದೇ ಪುಸ್ತಕದ ಉದಾಹರಣೆಯಲ್ಲಿ ನಿಧಿ ಕಾಯುವ ಟ್ರೋಲ್ ಏಳನೇ ಲೆವೆಲ್‌ನದು ಎಂದು ಏಳು-ಎಂಟಾಂಶ: 7000 ಜಿಪಿಗೆ ಟ್ರೋಲ್‌ನ 700 ಸೇರಿಸಿ 7700, ಕೊನೆಗೆ 6737.5. ಅಂತಸ್ತೋ ಮಾನ್ಸ್ಟರೋ? ಎರಡು ಕಾಲಂ ಹಾಕಿದಾಗ ಮಾನ್ಸ್ಟರ್ ಓದೇ ಗೆದ್ದಿತು. ಅಂತಸ್ತನ್ನು ಹಿಡಿದರೆ ಎಲ್ಲರೂ ಸುಮ್ಮನೆ ಕೆಳಗಿಳಿಯುವುದಕ್ಕೇ ಅವಸರ ಮಾಡುತ್ತಾರೆ, ಎದುರಿರುವುದು ಏನು ಎಂದು ನೋಡುವುದೇ ಇಲ್ಲ. ಕಾಲ್ ಆಫ್ ಕ್ತುಲ್ಹು ಎಂಬ ಇನ್ನೊಂದು ಆಟದ ಏಳನೇ ಆವೃತ್ತಿಯನ್ನೂ ಒಂದೆರಡು ಸಂಜೆ ಹೀಗೆ ನೋಡಿದೆ. ಬೋನಸ್ ಡೈಸ್‌ನಿಂದ (ಹೆಚ್ಚುವರಿ ದಾಳದಿಂದ) ಗೆದ್ದ ಸ್ಕಿಲ್‌ಗೆ ಟಿಕ್ (ಆ ಸ್ಕಿಲ್ ಬೆಳೆಸಲು ಹಾಕುವ ಗುರುತು) ಇಲ್ಲ ಎಂದು ಅದೇ ಸ್ಪಷ್ಟವಾಗಿ ಹೇಳುವುದರಿಂದ ಖಾತೆಗೆ ಹೆಚ್ಚು ಕೆಲಸ ಸಿಗಲಿಲ್ಲ.

ಈಗ ಕೈಯಲ್ಲಿರುವುದು ಫೈಟರ್/ಥೀಫ್ ಮಲ್ಟಿಕ್ಲಾಸ್, ಅಂದರೆ ಒಂದೇ ಪಾತ್ರಕ್ಕೆ ಎರಡು ಕ್ಲಾಸ್. ಎಕ್ಸ್‌ಪಿ ಎರಡು ಕ್ಲಾಸಿಗೂ ಸಮಪಾಲು. ಥೀಫ್ ಭಾಗ 1251 ಮುಟ್ಟಿದಾಗ ಫೈಟರ್ ಭಾಗಕ್ಕೆ ಇನ್ನೂ 750 ಬಾಕಿ. ಥೀಫ್ ಭಾಗ ಮಾತ್ರ ನಿಲ್ಲಬೇಕು, ಅದಕ್ಕೆ ಹೋಗುವ ಅರ್ಧ ವ್ಯರ್ಥವಾಗಬೇಕು ಎಂಬುದು ನನ್ನ ಓದು. ಇಡೀ ಪಾತ್ರವೇ ನಿಲ್ಲಬೇಕು ಎಂಬುದು ಆ ಪಾತ್ರ ಆಡುವ ಹುಡುಗಿಯ ಓದು, ತನಗೇ ನಷ್ಟವಾಗುತ್ತದೆ ಎಂದು ಗೊತ್ತಿದ್ದೂ. ಇಬ್ಬರಿಗೂ ಒಂದೊಂದು ಕಾಲಂ ಎಳೆದಿದ್ದೇನೆ, ಈ ಮಳೆಗಾಲದ ಆಟವೆಲ್ಲ ಅದರಲ್ಲೇ ಬರೆಯುತ್ತಿದ್ದೇವೆ.