ಕಾರಿನಲ್ಲಿ ಚೆಲ್ಲಿದ ಹಾಲಿನ ವಾಸನೆ ಹೋಗಲು

ಕಾರಿನ ಕಾರ್ಪೆಟ್ಟಿನ ಮೇಲೆ ಹಾಲು, ಮಜ್ಜಿಗೆ ಚೆಲ್ಲಿದರೆ ಬಿಸಿನೀರು ಬಳಸದೆ, ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯನ್ನು ಮತ್ತೆ ಮತ್ತೆ ಒತ್ತಿ ಹೀರಿಸಿ, ತೇವ ಆರಿದ ಮೇಲೆ ಅಡುಗೆ ಸೋಡಾವನ್ನು ಧಾರಾಳವಾಗಿ ಉದುರಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮ್ ಕ್ಲೀನರ್‌ನಿಂದ ತೆಗೆಯಿರಿ. ಬಿಸಿ ತಾಗಿದರೆ ಹಾಲಿನ ಪ್ರೋಟೀನ್ ಗಟ್ಟಿಯಾಗಿ ಎಳೆಗಳಿಗೆ ಅಂಟಿಕೊಳ್ಳುತ್ತದೆ. ಸೋಡಾ ಕ್ಷಾರೀಯವಾದ್ದರಿಂದ ಹುಳಿವಾಸನೆಗೆ ಕಾರಣವಾದ ಆಮ್ಲಗಳನ್ನು ತಟಸ್ಥಗೊಳಿಸುತ್ತದೆ. ಸುಗಂಧದ ಸ್ಪ್ರೇ ಈ ಕೆಲಸ ಮಾಡುವುದಿಲ್ಲ, ದಯವಿಟ್ಟು ಅದಕ್ಕೆ ಹಣ ಹಾಕಬೇಡಿ. ನಮ್ಮ ಕೋಲಾರದ ಕಡೆ ಡೇರಿಗೆ ಹಾಲಿನ ಕ್ಯಾನುಗಳನ್ನು ಕಾರಿನಲ್ಲೇ ಒಯ್ಯುವವರು ಚೆಲ್ಲಿದ ದಿನವೇ ಇದನ್ನು ಮಾಡಬೇಕು, ಏಕೆಂದರೆ ಹಾಲು ಕೆಳಗಿನ ಫೋಮ್‌ಗೆ ಇಳಿದ ಮೇಲೆ ಸೋಡಾ ಅಲ್ಲಿಗೆ ತಲುಪುವುದಿಲ್ಲ. ಆಗ ಕಾರ್ಪೆಟ್ ಎತ್ತಿಸಿ, ಫೋಮ್ ತೊಳೆಸಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸದೆ ಬೇರೆ ದಾರಿಯಿಲ್ಲ.