ತಂತಿಯಿಂದ ಮೊಳೆ: ಸಣ್ಣ ಘಟಕದಲ್ಲಿ ತಯಾರಿಕೆಯ ಕ್ರಮ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಡೆ ಶೆಡ್ಡೊಂದನ್ನು ಬಾಡಿಗೆಗೆ ಪಡೆದು ಮೊಳೆ ತಯಾರಿಸಲು ಹೊರಟವರು ನಿಮಿಷಕ್ಕೆ ಎಷ್ಟು ಮೊಳೆ ಬೀಳುತ್ತದೆ ಎಂದು ವಿಚಾರಿಸುವ ಮೊದಲು ತಂತಿಯನ್ನು ಪರೀಕ್ಷಿಸಬೇಕು. ಮೊಳೆಯ ಗುಣದ ಬಹುಪಾಲು ಅಲ್ಲಿಯೇ ತೀರ್ಮಾನವಾಗಿರುತ್ತದೆ.

ಸಾಮಾನ್ಯ ಮೊಳೆಗೆ ಇಂಗಾಲದ ಅಂಶ ಕಡಿಮೆಯಿರುವ ಉಕ್ಕು ಸಾಕು. ಸುರುಳಿಯಾಗಿ ಬರುವ, ಸಾಮಾನ್ಯವಾಗಿ 5.5 ಮಿ.ಮೀ. ದಪ್ಪದ ವೈರ್ ರಾಡ್‌ನ (ತಂತಿ ಎಳೆಯಲು ಬಳಸುವ ಉಕ್ಕಿನ ಸರಳು) ಮೇಲಿನ ಕಪ್ಪು ಪದರವನ್ನು ಆಮ್ಲದಲ್ಲಿ ತೊಳೆದೋ ರೋಲರ್‌ಗಳ ನಡುವೆ ಬಗ್ಗಿಸಿ ಉದುರಿಸಿಯೋ ತೆಗೆದು, ಸೋಪಿನ ಪುಡಿಯ ಪೆಟ್ಟಿಗೆಯ ಮೂಲಕ ಹಾಯಿಸಿ, ಟಂಗ್‌ಸ್ಟನ್ ಕಾರ್ಬೈಡ್ ಎಂಬ ಗಡಸು ವಸ್ತುವಿನ ಡೈಗಳಲ್ಲಿ (ತೂತಿರುವ ಅಚ್ಚುಗಳು) ಹಂತಹಂತವಾಗಿ ಎಳೆದು ಬೇಕಾದ ಗೇಜಿಗೆ, ಅಂದರೆ ದಪ್ಪಕ್ಕೆ, ಇಳಿಸುತ್ತಾರೆ. 10 ಗೇಜ್ ಎಂದರೆ ಸುಮಾರು 3.25 ಮಿ.ಮೀ. ಕಾಯಿಸದೆ ಎಳೆಯುವುದರಿಂದ ಉಕ್ಕು ಗಡಸಾಗುತ್ತದೆ, ಸುತ್ತಿಗೆಯ ಏಟಿಗೆ ಮೊಳೆ ಸುಲಭವಾಗಿ ಬಾಗದಿರುವುದು ಈ ಗಡಸಿನಿಂದಲೇ. ಆದ್ದರಿಂದ ಕಂಬಿ ಕಟ್ಟಲು ಬಳಸುವ, ಕಾಯಿಸಿ ಮೆತ್ತಗಾಗಿಸಿದ ತಂತಿ ಅಗ್ಗವಾಗಿ ಸಿಕ್ಕರೂ ಮೊಳೆಗೆ ಒಗ್ಗದು. ಆಮ್ಲದ ತ್ಯಾಜ್ಯ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇವೆಲ್ಲದರ ತಲೆನೋವು ಬೇಡವಾದರೆ ಎಳೆದ ತಂತಿಯನ್ನೇ ಕೊಳ್ಳುವುದು ಲೇಸು.

ಯಂತ್ರದೊಳಗೆ ತಂತಿ ಮೊದಲು ರೋಲರ್‌ಗಳ ನಡುವೆ ನೇರವಾಗುತ್ತದೆ. ಬಳಿಕ ಎರಡು ಹಿಡಿತದ ಡೈಗಳು ಅದನ್ನು ಬಿಗಿಯಾಗಿ ಕಚ್ಚುತ್ತವೆ, ಹೊರಚಾಚಿದ ತುದಿಗೆ ಪಂಚ್ ಎಂಬ ಉಕ್ಕಿನ ಬಡಿಗೆ ಬಡಿಯುತ್ತದೆ, ತುದಿ ಚಪ್ಪಟೆಯಾಗಿ ತಲೆಯಾಗುತ್ತದೆ. ಹಿಡಿತ ಸಡಿಲಿದೊಡನೆ ತಂತಿ ಮೊಳೆಯ ಉದ್ದದಷ್ಟು ಮುಂದೆ ಸರಿಯುತ್ತದೆ. ಇಬ್ಬದಿಯಿಂದ ಬರುವ ಕಟರ್‌ಗಳು ಅದನ್ನು ಹಿಸುಕಿ ಕತ್ತರಿಸುವಾಗಲೇ ನಾಲ್ಕು ಮುಖದ ಚೂಪು ತುದಿ ಮೂಡುತ್ತದೆ. ಇಂಥ ಮೊಳೆಯ ತಲೆಯ ಕೆಳಗೆ ಉಗುರಾಡಿಸಿದರೆ ತಗಲುವ ಸಣ್ಣ ಗೀರುಗಳು ಆ ಹಿಡಿತದ ಡೈಗಳ ಹಲ್ಲಿನ ಗುರುತುಗಳು.

ಹೊಂದಾಣಿಕೆಯಲ್ಲಿ ಅವಸರ ಸಲ್ಲದು. ತುದಿ ಕಡಿಮೆ ಚಾಚಿದರೆ ತಲೆ ಪೂರ್ತಿ ತುಂಬುವುದಿಲ್ಲ, ಪಂಚ್ ಓರೆಯಾದರೆ ತಲೆ ಒಂದು ಬದಿಗೆ ವಾಲುತ್ತದೆ, ಹಿಡಿತದ ಡೈನ ಹಲ್ಲು ಸವೆದರೆ ತಂತಿ ಜಾರಿ ಉದ್ದ ಹೆಚ್ಚುಕಡಿಮೆಯಾಗುತ್ತದೆ. ತುದಿಯಲ್ಲಿ ಮೀಸೆಯಂತೆ ಚೂರು ಉಳಿಯುತ್ತಿದ್ದರೆ ಕಟರ್ ಮೊಂಡಾಗಿದೆ ಎಂದು ತಿಳಿದು ಸಾಣೆಗೆ ಕಳುಹಿಸಬೇಕು. ಮೊದಲ ಹಿಡಿ ಮೊಳೆಗಳನ್ನು ಅಳೆದು, ಒಂದೆರಡನ್ನು ಗಟ್ಟಿ ಮರಕ್ಕೆ ಹೊಡೆದು ನೋಡಿದ ನಂತರವೇ ಯಂತ್ರವನ್ನು ಪೂರ್ಣ ವೇಗಕ್ಕೆ ಬಿಡಿ. ಆ ಸದ್ದಿನಲ್ಲಿ ಕಿವಿಗೆ ರಕ್ಷಣೆಯಿಲ್ಲದೆ ನಿಲ್ಲುವ ಅಭ್ಯಾಸ ನಮ್ಮ ಶೆಡ್ಡುಗಳಲ್ಲಿ ಇನ್ನೂ ಹೋಗಿಲ್ಲ, ಹೋಗಬೇಕು.

ಉದುರಿದ ಮೊಳೆಗಳನ್ನು ಮರದ ಹೊಟ್ಟಿನೊಡನೆ ಡ್ರಮ್ಮಿನಲ್ಲಿ ತಿರುಗಿಸಿದರೆ ಹೊಟ್ಟು ಎಣ್ಣೆಯನ್ನು ಹೀರಿಕೊಂಡು ಮೊಳೆಗೆ ಹೊಳಪು ಬರುತ್ತದೆ. ಸತುವಿನ ಲೇಪನ ಬೇಕಾದವರು ಅದನ್ನು ಇದಾದ ಮೇಲೆ ಮಾಡಿಸುತ್ತಾರೆ. ಕಾಂಕ್ರೀಟ್ ಮೊಳೆಗೆ ಮಾತ್ರ ಇಂಗಾಲ ಹೆಚ್ಚಿರುವ ತಂತಿಯೂ ಶಾಖ ಕೊಟ್ಟು ಗಡಸುಗೊಳಿಸುವ ಕೆಲಸವೂ ಬೇಕಾಗುವುದರಿಂದ, ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಿಂದ ಬೇಡಿಕೆ ಬಂದಿತೆಂದು ಅದಕ್ಕೆ ಆರಂಭದಲ್ಲೇ ಕೈಹಾಕದಿರುವುದು ಒಳಿತು.