ಮೀನಿನ ಟ್ಯಾಂಕು ಕೈಕೊಟ್ರೆ ಪಂಪಿಗೆ ಬೈಯೋ ಮುಂಚೆ

ಶರಾವತಿ ಹಿನ್ನೀರಲ್ಲಿ ಮೀನು ಹಿಡಿಯೋರಿಗೆ ಜೀವ ಇರೋ ಮೀನಿನ ರೇಟೇ ಬೇರೆ ಅನ್ನೋದನ್ನ ಹೇಳ್ಕೊಡಬೇಕಾಗಿಲ್ಲ. ಸಾಗರದ ಪೇಟೇಲಿ ಟಬ್ಬಲ್ಲಿ ಬಾಲ ಬಡೀತಿರೋ ಕಾಟ್ಲಾ ಕಂಡ್ರೆ ಚೌಕಾಸಿ ಮಾಡೋರು ಕಡಿಮೆ, ಅದೇ ಮೀನು ಐಸಲ್ಲಿ ಮಲಗಿದ್ರೆ ಕಿವಿರು ಎತ್ತಿ ನೋಡಿ, ಮೂಸಿ, ಆಮೇಲೆ ಬೆಲೆ ಕೇಳ್ತಾರೆ. ಅದಕ್ಕೇ ನನ್ನ ಫೈಬರ್ ದೋಣಿಗೆ ಹಿಡಿದ ಮೀನನ್ನ ಜೀವಂತ ಇಡೋ ಟ್ಯಾಂಕು, ಅಂದ್ರೆ ಒಂದು ಲೈವ್‌ವೆಲ್ ನಾನೇ ಕೂರಿಸ್ಕೊಂಡಿದೀನಿ, ದೊಡ್ಡದೇನಲ್ಲ, ನೀಲಿ ಡ್ರಮ್ ಅರ್ಧಕ್ಕೆ ಕತ್ತರಿಸಿ ಮಾಡಿದ ನೂರು ಲೀಟರಿನ ಟ್ಯಾಂಕು, ದೋಣಿಯ ಹಿಂಬದಿ ತಳದಲ್ಲಿ ನೀರು ಎಳೆಯೋ ತೂತು, ಅದಕ್ಕೆ 12 ವೋಲ್ಟಿನ ಚಿಕ್ಕ ಪಂಪು, ಮೇಲೆ ಹೆಚ್ಚಾದ ನೀರು ಹೊರಗೆ ಹೋಗೋಕೆ ಓವರ್‌ಫ್ಲೋ ಪೈಪು. ಸಾಮಾನು ಇಷ್ಟೇ, ಆದ್ರೆ ಕೈಕೊಡೋ ರೀತಿ ಮಾತ್ರ ಹತ್ತಾರು. ಮೀನು ಸತ್ರೆ ಸಾಕು ನಮ್ಮ ಕಡೆಯವ್ರು ಶಿವಮೊಗ್ಗಕ್ಕೆ ಹೋಗಿ ಇನ್ನೂ ದೊಡ್ಡ ಪಂಪ್ ತಂದುಬಿಡ್ತಾರೆ. ನನ್ನ ಪ್ರಕಾರ ಪಂಪಿನ ಮೇಲೆ ಅನುಮಾನ ಪಡಬೇಕಾದ್ದು ಕಟ್ಟಕಡೆಗೆ.

ಜಾಸ್ತಿ ಫೋನ್ ಬರೋದು ಇದಕ್ಕೇ: "ಅಣ್ಣಾ, ಪಂಪ್ ಗುಂಯ್ ಅಂತಿದೆ, ಒಂದು ಹನಿ ನೀರು ಬರ್ತಿಲ್ಲ." ಮೋಟಾರ್ ತಿರುಗ್ತಿದೆ ಅಂದ್ರೆ ಎರಡೇ ಅನುಮಾನ, ಒಂದು ನೀರು ಎಳೆಯೋ ತೂತಿನ ಜಾಳಿಗೆ ಕಸದಿಂದ ಕಟ್ಟಿದೆ, ಇಲ್ಲಾ ಪೈಪಲ್ಲಿ ಗಾಳಿ ಹಿಡಿದಿದೆ. ಈ ಪಂಪುಗಳು ಬಾವಿ ಕೈಪಂಪಿನ ಹಾಗೆ ಗಾಳಿ ಎಳೆದು ನೀರು ಮೇಲೆ ತರೋ ಜಾತಿ ಅಲ್ಲ, ಒಳಗಿನ ಇಂಪೆಲ್ಲರ್, ಅಂದ್ರೆ ನೀರು ತಳ್ಳೋ ರೆಕ್ಕೆಚಕ್ರ, ನೀರಲ್ಲಿ ಮುಳುಗಿದ್ರೆ ಮಾತ್ರ ತಳ್ತದೆ. ದೋಣಿ ದಡಕ್ಕೆ ಎಳೆದು ಮತ್ತೆ ನೀರಿಗೆ ಇಳಿಸಿದಾಗ, ಇಲ್ಲಾ ಜೋರಾಗಿ ಓಡಿಸಿ ಮೂತಿ ಎದ್ದಾಗ ಪೈಪಲ್ಲಿ ಗಾಳಿ ಸೇರ್ಕೊಂಡು ಕೂತುಬಿಡ್ತದೆ. ನಾನು ಮಾಡೋದು ಇಷ್ಟೇ, ಪಂಪ್ ಆಫ್ ಮಾಡಿ ಅದರ ಮೇಲಿನ ಹೋಸ್ ಕ್ಲ್ಯಾಂಪ್ ಸಡಿಲ ಮಾಡ್ತೀನಿ, ಗಾಳಿ ಬುಳುಕ್ ಅಂತ ಹೋಗಿ ನೀರು ಜಿನುಗಿದ ಕೂಡ್ಲೆ ಬಿಗಿ ಮಾಡಿ ಆನ್ ಮಾಡ್ತೀನಿ. ಇದು ಪದೇ ಪದೇ ಆಗ್ತಿದ್ರೆ ತಪ್ಪು ಹೋಸ್ ಹಾಕಿದ ರೀತೀಲಿದೆ. ಪಂಪಿಂದ ಟ್ಯಾಂಕಿನವರೆಗೆ ಹೋಸು ಏರ್ತಾನೇ ಹೋಗ್ಬೇಕು, ನಡುವೆ ಎದ್ದು ಮತ್ತೆ ತಗ್ಗಿ ಹೋದ್ರೆ ಎದ್ದ ಜಾಗದಲ್ಲಿ ಗಾಳಿ ಕೂರ್ತದೆ. ನನ್ನದು ಸೀಟಿನ ಅಡಿಗೆ ಸುತ್ತಿ ಬರ್ತಿತ್ತು, ಒಂದೂವರೆ ಅಡಿ ಕತ್ತರಿಸಿ ನೇರ ಮಾಡಿದ್ಮೇಲೆ ಆ ತಲೆನೋವೇ ಇಲ್ಲ.

ಜಾಳಿಗೆ ವಿಷಯದಲ್ಲಿ ನಮ್ಮ ಹಿನ್ನೀರು ಬೇರೆ ಕೆರೆಗಳ ಹಾಗಲ್ಲ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ, ಆವಾಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ಹಾಗೇ ನಿಂತಿವೆ. ಸಮುದ್ರಮಟ್ಟದಿಂದ 1819 ಅಡಿಯ ಪೂರ್ತಿ ಮಟ್ಟಕ್ಕೆ ತುಂಬಿದಾಗ ಏನೂ ಕಾಣಲ್ಲ, ಏಪ್ರಿಲ್ ಮೇ ಬಂತು ಅಂದ್ರೆ ನೀರು ಇಳಿದು ಬೊಡ್ಡೆ ತಳಕ್ಕೆ ಉಜ್ತವೆ, ಹೊರಗೆ ಚಾಚಿರೋ ಜಾಳಿಗೆ ಅಲ್ಲೇ ಕಿತ್ತು ಹೋಗ್ತದೆ. ಹಂಗಾಗಿ ತಳಕ್ಕೆ ಸಮ ಕೂರೋ ಜಾಳಿಗೇನೇ ಹಾಕ್ಬೇಕು. ಮೊದಲ ಮಳೆ ಹೊತ್ತಿಗೆ ಹಳ್ಳಗಳು ತರೋ ಕೆಮ್ಮಣ್ಣು, ಕೊಳೆತ ಎಲೆ ಬೇರೆ. ಹಳೇ ಹಲ್ಲುಜ್ಜೋ ಬ್ರಶ್ ಒಂದು ದೋಣೀಲೇ ಕಟ್ಟಿಟ್ಟಿದೀನಿ, ದಿನಾ ಹೊರಡೋ ಮುಂಚೆ ಎರಡು ಉಜ್ಜು.

ಇನ್ನು ನೀರು ಬರ್ತದೆ ಆದ್ರೆ ಸಣ್ಣಗೆ ಬರ್ತದೆ ಅನ್ನೋರು. ಇಲ್ಲಿ ಮಲ್ಟಿಮೀಟರ್ ಇಲ್ಲದೆ ಮಾತಾಡೋದೇ ದಂಡ. ಪಂಪ್ ಓಡ್ತಿರುವಾಗ್ಲೇ ಬ್ಯಾಟರಿ ಟರ್ಮಿನಲ್ಲಲ್ಲಿ ಒಂದ್ಸಲ, ಪಂಪಿನ ವೈರಿನ ತುದೀಲಿ ಒಂದ್ಸಲ ವೋಲ್ಟೇಜ್ ಅಳೀರಿ. ಬ್ಯಾಟರೀಲಿ 12.4 ಇದ್ದು ಪಂಪಿನ ಹತ್ರ 11.5 ತೋರಿಸಿದ್ರೆ ಪಂಪಿನ ತಪ್ಪೇನಿಲ್ಲ, ನಡುವೆ ಎಲ್ಲೋ ವೋಲ್ಟೇಜ್ ಬೀಳ್ತಿದೆ. ಬಹಳ ಜನ ಮನೆ ಬಲ್ಬಿಗೆ ಹಾಕೋ ತೆಳು ವೈರ್ ಎಳೆದಿರ್ತಾರೆ. 1 ಸ್ಕ್ವೇರ್ ಎಂಎಂ ವೈರಲ್ಲಿ 3 ಆಂಪ್ ಹೋಗೋ ಪಂಪು, ಬ್ಯಾಟರಿಯಿಂದ ಐದು ಮೀಟರ್ ದೂರ ಅಂದ್ಕೊಳ್ಳಿ, ಹೋಗಿ ಬರೋ ದಾರಿ ಸೇರಿ ಹತ್ತು ಮೀಟರು, ಅರ್ಧ ವೋಲ್ಟು ವೈರೇ ತಿಂದುಬಿಡ್ತದೆ. 2.5 ಹಾಕಿದ್ರೆ ನಷ್ಟ 0.2 ಅಷ್ಟೇ. ವೈರ್ ದಪ್ಪ ಇದ್ರೂ ವೋಲ್ಟ್ ಬೀಳ್ತಿದ್ರೆ ಜಾಯಿಂಟ್ ಬಿಚ್ಚಿ ನೋಡಿ, ಟೇಪ್ ಸುತ್ತಿದ ಜಾಯಿಂಟಿನ ಒಳಗೆ ಹಸಿರು ಕಿಲುಬು ಇದ್ದೇ ಇರ್ತದೆ. ಮಲೆನಾಡಿನ ಮಳೇಲಿ ಟೇಪ್ ನಂಬ್ಬೇಡಿ ಮಾರಾಯ್ರೆ, ಬೆಸುಗೆ ಹಾಕಿ, ಬಿಸಿ ತಾಗಿದ್ರೆ ಕುಗ್ಗಿ ಬಿಗಿಯಾಗಿ ಕೂರೋ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಹಾಗೇ ಬ್ಯಾಟರಿ ಸುಮ್ನೆ ಕೂತಾಗ 12.2ಕ್ಕಿಂತ ಕೆಳಗೆ ಹೋಗೋಕೆ ಬಿಡ್ಬೇಡಿ, ಅರ್ಧ ಖಾಲಿ ಅಂತ ಅದರ ಲೆಕ್ಕ, ದಿನಾ ಅದಕ್ಕಿಂತ ಕೆಳಗೆ ಇಳಿಸ್ತಿದ್ರೆ ಲೆಡ್ ಆಸಿಡ್ ಬ್ಯಾಟರಿ ಬೇಗ ಸಾಯ್ತದೆ.

ದೊಡ್ಡ ಪಂಪ್ ಯಾಕೆ ಬೇಡ ಅಂತೀನಿ ಅಂದ್ರೆ, ಗಂಟೆಗೆ 500 ಗ್ಯಾಲನ್ ಅಂತ ಬರೆದಿರೋ ಪಂಪು ಅಂದ್ರೆ ಸುಮಾರು 1,900 ಲೀಟರು. ಎತ್ತರಕ್ಕೆ ತಳ್ಳೋದು, ಹೋಸಿನ ಬಾಗು ಎಲ್ಲ ಕಳೆದು ಅರ್ಧ ಬಂದ್ರೂ ನನ್ನ ಟ್ಯಾಂಕಿನ ನೀರು ಗಂಟೆಗೆ ಒಂಬತ್ತು ಸಲ ಬದಲಾಗ್ತದೆ. ನಾಲ್ಕೈದು ಸಲ ಆದ್ರೆ ಧಾರಾಳ. ಅದಕ್ಕಿಂತ ದೊಡ್ಡದು ಹಾಕಿದ್ರೆ ಬ್ಯಾಟರಿ ಬೇಗ ಇಳೀತದೆ, ಮೀನು ಸುಳೀಲಿ ಈಜಿ ಸುಸ್ತಾಗ್ತವೆ.

ನೀರು ಚೆನ್ನಾಗೇ ಬರ್ತಿದೆ, ಆದ್ರೂ ಮಧ್ಯಾಹ್ನದ ಹೊತ್ತಿಗೆ ಮೀನು ಬಾಯಿ ತೆರೆದು ಮೇಲೆ ಬರ್ತವೆ ಅಂದ್ರೆ ಕಾರಣ ಬಿಸಿ. 20 ಡಿಗ್ರಿ ನೀರಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗ್ತದೆ, 30 ಡಿಗ್ರೀಲಿ ಏಳೂವರೆ, ಅದೂ ಕರಗೋಷ್ಟೂ ಪೂರ್ತಿ ಕರಗಿದ್ರೆ. ಅದೇ ಬಿಸೀಲಿ ಮೀನಿಗೆ ಬೇಕಾದ ಆಮ್ಲಜನಕ ಜಾಸ್ತಿ ಆಗ್ತದೆ. ಸಿಗೋದು ಕಡಿಮೆ, ಬೇಕಾಗೋದು ಹೆಚ್ಚು. ಇಲ್ಲಿ ಪಂಪಿಗಿಂತ ಕೆಲಸ ಮಾಡೋದು ಬ್ಯಾಟರೀಲಿ ಓಡೋ ಸಣ್ಣ ಏರ್ ಪಂಪು, ಅಕ್ವೇರಿಯಂ ಅಂಗಡೀಲಿ ಸಿಗ್ತದಲ್ಲ ಅದೇ, ಸಣ್ಣ ಗುಳ್ಳೆ ಬಿಡೋ ಎರಡು ಏರ್ ಸ್ಟೋನ್ ತಳಕ್ಕೆ ಬಿಟ್ರೆ ಆಯ್ತು. ನೀರಿನ ಪಂಪ್ ನಿಂತ್ರೂ ದಡ ಸೇರೋವರೆಗೆ ಮೀನು ಉಳೀತವೆ. ಇದನ್ನ ಬೇರೆ ಚಿಕ್ಕ ಬ್ಯಾಟರಿಗೇ ಕೊಡಿ, ಒಂದೇ ಬ್ಯಾಟರಿಗೆ ಎರಡೂ ಕೊಟ್ರೆ ಅದು ಬ್ಯಾಕಪ್ ಹೇಗಾಗ್ತದೆ? ಮುಚ್ಚಳಕ್ಕೆ ಬಿಳಿ ಬಣ್ಣ ಹೊಡೆದಿದೀನಿ, ಬಿಸಿಲು ಜೋರಿದ್ರೆ ಮೇಲೆ ಒದ್ದೆ ಗೋಣಿ. ಐಸ್ ಹಾಕೋದಾದ್ರೆ ಬಾಟ್ಲಿಯೊಳಗೇ ಇರಲಿ, ನಲ್ಲಿ ನೀರಿನ ಐಸ್ ಕರಗಿದ್ರೆ ಕ್ಲೋರಿನ್ ಸೇರ್ತದೆ. ಕೊರವ, ಚೇಳುಮೀನು ಹಿಡಿಯೋರು ಇನ್ನೊಂದು ನೆನಪಿಡಿ, ಇವು ಮೇಲೆ ಬಂದು ಗಾಳಿ ಕುಡಿಯೋ ಮೀನು, ಮುಚ್ಚಳದವರೆಗೆ ನೀರು ತುಂಬಿಸಿಬಿಟ್ರೆ ಎಷ್ಟೇ ಗುಳ್ಳೆ ಬಿಟ್ರೂ ಉಸಿರು ಕಟ್ತದೆ. ನಾಲ್ಕು ಬೆರಳು ಜಾಗ ಬಿಡ್ಬೇಕು.

ನೀರಿನ ಮೇಲೆ ನೊರೆ ನಿಂತ್ರೆ ಲೋಳೆ, ಕಕ್ಕಿದ ತಿಂಡಿ ಸೇರಿದೆ ಅಂತ ಅರ್ಥ, ಪೂರ್ತಿ ನೀರು ಬದಲಿಸಿ. ಜೀಪಿಗೆ ಹಾಕ್ಕೊಂಡು ಪೇಟೆಗೆ ಹೋಗೋವಾಗ ಹೊಸ ನೀರು ಸಿಗಲ್ಲ, ಕಿವಿರಿಂದ ಬರೋ ಅಮೋನಿಯಾ ಅಲ್ಲೇ ಸೇರ್ತಾ ಹೋಗ್ತದೆ. ಅದಕ್ಕೆ ಹಿಂದಿನ ದಿನ ಹಿಡಿದಿದ್ದನ್ನ ಹಾಪಾದಲ್ಲಿ, ಅಂದ್ರೆ ನೀರಲ್ಲಿ ಕಟ್ಟಿದ ಬಲೆಯ ಚೀಲದಲ್ಲಿ, ರಾತ್ರಿಯೆಲ್ಲ ಬಿಟ್ಟು ಹೊಟ್ಟೆ ಖಾಲಿ ಮಾಡ್ಸಿ ಆಮೇಲೆ ತುಂಬ್ತೀನಿ, ಮೀನುಮರಿ ಪ್ಯಾಕ್ ಮಾಡೋರೂ ಮೊದಲು ಉಪವಾಸ ಹಾಕೋದು ಇದಕ್ಕೇ. ನೂರು ಲೀಟರಿಗೆ ಮುನ್ನೂರು ಗ್ರಾಂ ಕಲ್ಲುಪ್ಪು ಹಾಕಿದ್ರೆ ಮೀನಿಗೆ ಸುಸ್ತು ಕಡಿಮೆ. ದೋಣೀಲಿ ನೀರು ಹರೀತಿರುವಾಗ ಉಪ್ಪು ಹಾಕಿ ಪ್ರಯೋಜನ ಇಲ್ಲ, ತೊಳೆದು ಹೋಗ್ತದೆ. ಮುಂಚೆ ಹಿನ್ನೀರು ದಾಟಿಸೋ ಲಾಂಚಿನ ಕ್ಯೂನಲ್ಲಿ ನಿಂತಾಗ್ಲೇ ಟ್ಯಾಂಕ್ ಬಿಸಿ ಆಗೋದು, 2025ರ ಜುಲೈಲಿ ಅಂಬಾರಗೊಡ್ಲು ಕಳಸವಳ್ಳಿ ಸೇತುವೆ ಬಿಟ್ಮೇಲೆ ಆ ಕಾಟ ತಪ್ತು.

ಈಗ ಅಡಿಕೆ ತೋಟದವರು ಕೇಳಿಸ್ಕೊಳ್ಳಿ. ಮನೇಲಿ ಡ್ರಮ್ ಬಿದ್ದಿದೆ ಅಂತ ಮೈಲುತುತ್ತು ಕಲಸಿದ ಡ್ರಮ್ಮನ್ನೇ ತಂದು ದೋಣಿಗೆ ಕೂರಿಸ್ಬೇಡಿ. ಮೈಲುತುತ್ತು, ಸುಣ್ಣ ಸೇರಿಸಿ ಮಾಡೋ ಬೋರ್ಡೋ ದ್ರಾವಣದ ತಾಮ್ರ ಮೀನಿಗೆ ವಿಷ, ನಮ್ಮ ಮಲೆನಾಡಿನ ನೀರು ಸುಣ್ಣದಂಶ ಕಡಿಮೆ ಇರೋ ಮೆದು ನೀರು ಬೇರೆ, ಮೆದು ನೀರಲ್ಲಿ ತಾಮ್ರದ ವಿಷ ಇನ್ನೂ ಜೋರು. ಎಷ್ಟು ತೊಳೆದ್ರೂ ನಾನಂತೂ ನಂಬಲ್ಲ. ಕೊಳೆರೋಗಕ್ಕೆ ಔಷಧಿ ಹೊಡೆದು ಬಂದ ಕೈಯನ್ನ ಹಾಗೇ ಟ್ಯಾಂಕಿಗೆ ಅದ್ದೋದೂ ಬೇಡ. ಫಿಟ್ಟಿಂಗ್ಸ್ ಪ್ಲಾಸ್ಟಿಕ್ ಇಲ್ಲಾ ಸ್ಟೀಲ್ ಇರಲಿ, ತಾಮ್ರ ಸೇರಿರೋ ಹಿತ್ತಾಳೆ ಬೇಡ.

ಡ್ರಮ್ಮಿಗೆ ತೂತು ಕೊರೆದ ಜಾಗ ಸೋರ್ತಿದ್ರೆ ಸಿಲಿಕಾನ್ ಬಳಿದು ಕೂರಬೇಡಿ, ಆ ಪ್ಲಾಸ್ಟಿಕ್ಕಿಗೆ ಅದು ಅಂಟಲ್ಲ, ಪ್ಲಂಬಿಂಗ್ ಅಂಗಡಿಯ ಟ್ಯಾಂಕ್ ನಿಪ್ಪಲ್ಲು, ಎರಡೂ ಕಡೆ ರಬ್ಬರ್ ವಾಶರ್ರು, ಮುಗೀತು. ಓವರ್‌ಫ್ಲೋ ಪೈಪು ಒಳಗೆ ಬರೋ ಪೈಪಿಗಿಂತ ದಪ್ಪ ಇರ್ಲೇಬೇಕು, ನನ್ನದು ಒಳಗೆ ಮುಕ್ಕಾಲು ಇಂಚು, ಹೊರಗೆ ಒಂದೂವರೆ. ಸತ್ತ ಮೀನು ಅಡ್ಡ ಬಂದು ಓವರ್‌ಫ್ಲೋ ಕಟ್ಟಿದ್ರೆ ಪಂಪು ತುಂಬಿಸೋದು ದೋಣಿಯನ್ನ! ನೂರು ಲೀಟರ್ ಅಂದ್ರೆ ನೂರು ಕೆಜಿ ಅನ್ನೋದೂ ಮರೀಬೇಡಿ, ಟ್ಯಾಂಕು ದೋಣಿ ನಡುವೆ ಇರ್ಲಿ. ಗಾಳಿ ಎದ್ದ ದಿನ ಅರ್ಧ ತುಂಬಿದ ಟ್ಯಾಂಕು ಅಪಾಯ, ನೀರು ಒಂದು ಪಕ್ಕಕ್ಕೆ ಜರಿದು ದೋಣಿ ವಾಲಿಸ್ತದೆ, ಒಂದೋ ತುಂಬಿಸಿ ಇಲ್ಲಾ ಪೂರ್ತಿ ಖಾಲಿ ಮಾಡಿ.

ತೊಳೆಯೋದಕ್ಕೆ ಸೋಪು, ಪೌಡರ್ ಬೇಡವೇ ಬೇಡ. ವಿನೆಗರ್ ಇಲ್ಲಾ ಅಡುಗೆ ಸೋಡಾ ಹಾಕಿ ಉಜ್ಜಿ, ಹೋಸಿನ ಒಳಗೂ ಒಂದು ಸುತ್ತು ಪಂಪ್ ಮಾಡಿ, ಚೆನ್ನಾಗಿ ಜಾಲಾಡಿ ಬಿಸಿಲಿಗೆ ಒಣಗಿಸಿ. ಪಾರದರ್ಶಕ ಹೋಸ್ ನೋಡೋಕೆ ಚೆಂದ, ಆದ್ರೆ ಬಿಸಿಲು ಬಿದ್ದು ಒಳಗೆ ಪಾಚಿ ಕಟ್ತದೆ, ಕಪ್ಪು ಹೋಸ್ ಹಾಕಿದ್ಮೇಲೆ ಆ ಹಸಿರು ಚೂರು ಬರೋದು ನಿಂತಿದೆ. ಮಳೆಗಾಲಕ್ಕೆ ದೋಣಿ ಮೇಲೆ ಎತ್ತಿದಾಗ ಪಂಪ್ ಬಿಚ್ಚಿ ಇಂಪೆಲ್ಲರಿಗೆ ಸುತ್ತಿರೋ ಬಲೆ ನೂಲು ಕತ್ತರಿಸಿ ತೆಗೀತೀನಿ, ಅದು ಸಿಕ್ಕೇ ಸಿಗ್ತದೆ. ಹೋಸಲ್ಲಿ ನೀರು ನಿಲ್ಲೋಕೆ ಬಿಡಲ್ಲ, ಬ್ಯಾಟರಿ ಮನೆಗೆ ತಂದು ತಿಂಗಳಿಗೊಮ್ಮೆ ಚಾರ್ಜ್ ಹಾಕ್ತೀನಿ. ದೋಣಿಯ ಡಬ್ಬೀಲಿ ಯಾವಾಗ್ಲೂ ಇರೋದು ನಾಲ್ಕು ಫ್ಯೂಸು, ಸ್ಟೀಲಿನ ಎರಡು ಕ್ಲ್ಯಾಂಪು, ಒಂದಡಿ ಹೋಸು, ಸ್ಕ್ರೂಡ್ರೈವರು, ಆ ಬ್ರಶ್ಶು. ಸ್ಪೇರ್ ಪಂಪು ಮನೇಲಿದೆ, ಡಬ್ಬಿ ಇನ್ನೂ ಒಡೆದಿಲ್ಲ.